ಮೂಗುಪಟ್ಟಿ ಬಿಗಿದ ಕೈ

ಕುದುರೆಯ ಕುತ್ತಿಗೆ ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಯಾಕೆ ಎಂದು ಕೇಳಿದವರಿಗೆಲ್ಲ ಬಿಡಿಸಿ ಹೇಳುತ್ತಾ ಕೂರಲು ನನಗೆ ಪುರುಸೊತ್ತಿಲ್ಲ. ಹೇಳಲು ಹೊರಟರೂ ಅರ್ಧಕ್ಕೇ ತಡೆದು, "ಪಾಪ, ಅವರಿಗೆ ಕುದುರೆ ಅಂದ್ರೆ ಪ್ರಾಣ ಅಲ್ವಾ ಮೇಡಂ" ಅನ್ನುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಓದಿದ ಮೇಲೂ ಪಾಪ ಅನ್ನಿಸಿದರೆ ಅನ್ನಿಸಲಿ, ನನ್ನ ಹತ್ತಿರ ಬಂದು ಹೇಳಬೇಡಿ.

ನಾನು ಆಂಡರ್ಸನ್‌ಪೇಟೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು. ಮನೆ ಇರುವುದು ಬೂದಿಕೋಟೆ ಕಡೆಯ ಹಳ್ಳಿಯಲ್ಲಿ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಬಂಗಾರಪೇಟೆಗೆ ಒಂದು ಬಸ್ಸು, ಅಲ್ಲಿಂದ ಕೆ.ಜಿ.ಎಫ್.ಗೆ ಇನ್ನೊಂದು ಬಸ್ಸು. ಮನೆಯಲ್ಲಿ ಅಮ್ಮ, ನಾನು, ನನ್ನ ತಮ್ಮ, ಎರಡು ಸೀಮೆಹಸು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಊರವರು ಆಡಿಕೊಳ್ಳುತ್ತಾರೆ. ಮದುವೆ ವಿಷಯ ತೆಗೆದ ನೆಂಟರ ಮುಂದೆ ಒಂದು ಸಲ ವಿಸಿಲ್ ಊದಿದ್ದೆ, ಆಮೇಲೆ ಯಾರೂ ತೆಗೆದಿಲ್ಲ.

ನಮ್ಮೂರಿಗೂ ಬೂದಿಕೋಟೆಗೂ ನಡುವೆ ಮೊದಲು ನೀಲಗಿರಿ ತೋಪಿತ್ತು. ಬೆಂಗಳೂರಿನ ಒಬ್ಬ ಹೆಂಗಸು ಅದನ್ನು ಕೊಂಡು, ಮರ ಕಡಿಸಿ, ಕುದುರೆ ಫಾರಂ ಮಾಡಿದರು. ಫಾರಂ ಮೇಡಂ ಎಂದೇ ಎಲ್ಲರೂ ಅವರನ್ನು ಕರೆಯುವುದು. ಕಡಿದ ಮರದ ದಿಮ್ಮಿಗಳನ್ನು ಅಲ್ಲಲ್ಲಿ ಅಡ್ಡಹಾಕಿ, ಮುಂದೆ ಹಳ್ಳ ತೋಡಿ, ಒಂದು ಕಡೆ ನೀರು ನಿಲ್ಲಿಸಿ, ಕುದುರೆ ಹಾರಿಸುವ ಜಾಗ ಮಾಡಿದರು. ಬೆಂಗಳೂರಿನ ದುಡ್ಡಿದ್ದವರ ಮಕ್ಕಳು ತಮ್ಮ ಕುದುರೆಗಳನ್ನು ಅಲ್ಲಿ ಬಿಟ್ಟಿರುತ್ತಾರೆ. ಶನಿವಾರ ಭಾನುವಾರ ಬಂದು ಹತ್ತುತ್ತಾರೆ, ಇಳಿಯುತ್ತಾರೆ, ಹೋಗುತ್ತಾರೆ. ಮಿಕ್ಕ ದಿನ ಮೇವು, ನೀರು, ಲದ್ದಿ, ನೊಣ ಎಲ್ಲ ನಮ್ಮೂರವರದು.

ನನ್ನ ತಮ್ಮ ಉರಿಗಾಂನ ಗ್ಯಾರೇಜ್ ಕೆಲಸ ಬಿಟ್ಟು ಅಲ್ಲಿ ಸೇರಿದ. ಅವನ ಪಾಲಿಗೆ ಬಂದದ್ದು ಒಂದು ಕಂದು ಬಣ್ಣದ ಹೆಣ್ಣು ಕುದುರೆ. ರೇಸಿನಲ್ಲಿ ಓಡಿ ಸವೆದು ಬಂದದ್ದು. ಕಾಗದದ ಮೇಲೆ ಅದಕ್ಕೆ ಇಷ್ಟುದ್ದ ಇಂಗ್ಲಿಷ್ ಹೆಸರಿತ್ತಂತೆ, ತಮ್ಮ ಮಾತ್ರ ಅಮ್ಮಣ್ಣಿ ಅನ್ನುತ್ತಿದ್ದ. ಮೊದಮೊದಲು ಯಾರು ಹತ್ತಿರ ಹೋದರೂ ಕಿವಿ ಹಿಂದಕ್ಕೆ ಮಲಗಿಸಿ ಕಚ್ಚಲು ಬರುತ್ತಿತ್ತು. ಇವನು ದಿನಾ ಲಾಯದ ಮೂಲೆಯಲ್ಲಿ ಸುಮ್ಮನೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದನಂತೆ, ಅದರ ಕಡೆ ನೋಡದೆ, ಫೋನು ನೋಡುತ್ತಾ. ಒಂದು ದಿನ ಅದೇ ಬಂದು ಇವನ ತಲೆಯ ಮೇಲೆ ಮೂತಿ ಇಟ್ಟಿತಂತೆ. ಆ ಕತೆಯನ್ನು ಅವನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದನೋ. ಮೂವತ್ತು ದಾಟಿದ ಗಂಡಸು, ಹೇಳುವಾಗಲೆಲ್ಲ ತಲೆ ಸವರಿಕೊಳ್ಳುತ್ತಿದ್ದ. ಅಂಗಿ ಒಗೆಯಲು ಹಾಕಿದರೆ ಬರೀ ಕುದುರೆ ವಾಸನೆ.

"ಎಂಡ್ತಿ ಬರೋಕ್ ಮುಂಚೆ ಕುದ್ರೆ ಬಂತು ನೋಡು ಇವ್ನ್ ಬಾಳ್ಗೆ," ಎಂದು ಅಮ್ಮ ಗೊಣಗುತ್ತಿದ್ದಳು. ಆದರೆ ಬೆಲ್ಲದ ಉಂಡೆ ಮಾಡಿದಾಗ ಅದಕ್ಕೂ ಒಂದು ಕಟ್ಟಿ ಕೊಡುತ್ತಿದ್ದಳು.

ಕುದುರೆಯ ಯಜಮಾನ ಬೇರೆ. ಇಪ್ಪತ್ತೈದರ ಆಸುಪಾಸಿನ ಹುಡುಗ, ಬೆಂಗಳೂರಿನವನು. ಅವನೇ ಸವಾರ. ನೋಡಲು ಬಲು ಸಭ್ಯ. ದಾರಿಯಲ್ಲಿ ಕಾರು ನಿಲ್ಲಿಸಿ, ಗ್ಲಾಸ್ ಇಳಿಸಿ, "ನಮಸ್ತೆ ಅಕ್ಕ" ಅನ್ನುವ ಜಾತಿ. ಹತ್ತಿ ಕೂತ ಮೇಲೆ ಅವನ ಕೈ ಬೇರೆಯಾಗುತ್ತಿತ್ತು. ಕುದುರೆ ಸ್ವಲ್ಪ ತಲೆ ಎತ್ತಿದರೆ ಲಗಾಮು ಹಿಡಿದು ಗರಗಸ ಎಳೆದ ಹಾಗೆ ಅತ್ತ ಇತ್ತ ಎಳೆಯುತ್ತಿದ್ದ. ಬಾಯೊಳಗೆ ಕಬ್ಬಿಣದ ಕಡಿವಾಣ ಇರುವ ಪ್ರಾಣಿಗೆ ಅದು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಅವನ ಬಾಯಿಗೇ ಒಂದು ಹಾಕಿ ನೋಡಬೇಕು. ಇಳಿದ ಮೇಲೆ ಮಾತ್ರ ಕುತ್ತಿಗೆ ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು, ಫೋಟೊ. ಫೋನು ಹಿಡಿದು ಫೋಟೊ ತೆಗೆಯುತ್ತಿದ್ದವನು ನನ್ನ ತಮ್ಮನೇ.

ಕುದುರೆ ಬಾಯಿ ತೆರೆಯದಂತೆ ಮೂತಿಗೆ ಒಂದು ಚರ್ಮದ ಪಟ್ಟಿ ಕಟ್ಟುತ್ತಾರೆ. ಮೂಗುಪಟ್ಟಿ ಅನ್ನೋಣ. ಪಟ್ಟಿಗೂ ಮೂಳೆಗೂ ನಡುವೆ ಎರಡು ಬೆರಳು ಆಡಬೇಕು ಎನ್ನುವುದು ನಿಯಮ. ತಮ್ಮ ಯಾವಾಗಲೂ ಅಷ್ಟೇ ಬಿಟ್ಟು ಕಟ್ಟುತ್ತಿದ್ದ. ಸವಾರ ಬಂದು ಒಂದೆರಡು ತೂತು ಬಿಗಿ ಮಾಡಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ತಮ್ಮ ಸಡಿಲ ಮಾಡಿ, ಅಚ್ಚು ಬಿದ್ದ ಜಾಗಕ್ಕೆ ಬೆಣ್ಣೆ ಸವರುತ್ತಿದ್ದ. ಇದು ನನಗೆ ಗೊತ್ತಿತ್ತು. ಯಾಕೆಂದರೆ ಬೆಣ್ಣೆ ಹೋಗುತ್ತಿದ್ದದ್ದು ನಮ್ಮ ಮನೆಯಿಂದ.

"ಮೇಡಂಗೆ ಏಳೋ," ಅಂದಿದ್ದೆ ನಾನು. ನಮ್ಮ ಮನೆಯಲ್ಲಿ ನನಗೂ 'ಹ' ಬರುವುದಿಲ್ಲ.

"ಯೋಳಿದ್ರೆ ಅಮ್ಮಣ್ಣೀನ ಬೆಂಗ್ಳೂರ್ಗೆ ಸಾಗಿಸ್ತಾನಕ್ಕ ಅವ್ನು. ಅಲ್ಲಿ ಸಡಿಲ ಮಾಡೋರ್ ಯಾರವ್ರೆ? ಬಿಗೀಲಿ ಬುಡು, ನಾನಿದ್ದೀನಲ್ಲ."

ನನ್ನ ತಮ್ಮನ ಪಾಲಿಗೆ ಇದ್ದದ್ದು ಅದೊಂದೇ ಲೆಕ್ಕ. ಆ ಕುದುರೆ ಆ ಲಾಯದಲ್ಲಿ ಇರಬೇಕು, ಅವನು ಅದರ ಪಕ್ಕದಲ್ಲಿರಬೇಕು. ಮಿಕ್ಕಿದ್ದೆಲ್ಲ ಹೇಗಾದರೂ ಆಗಲಿ.

ಆ ವರ್ಷ ಫಾರಂನಲ್ಲಿ ಪಂದ್ಯ ಇಟ್ಟರು. ಮೂರು ದಿನದ ಆಟ. ಮೊದಲ ದಿನ ಕುದುರೆ ಮರಳಿನ ಅಂಗಳದಲ್ಲಿ ಮದುಮಗಳ ಹಾಗೆ ಹೆಜ್ಜೆ ಇಡಬೇಕು. ಎರಡನೆಯ ದಿನ ಬಯಲಲ್ಲಿ ದೌಡಾಯಿಸಿ ದಿಮ್ಮಿ, ಹಳ್ಳ, ನೀರು ಎಲ್ಲ ಹಾರಬೇಕು. ಮೂರನೆಯ ದಿನ ಬಣ್ಣದ ಕಂಬಗಳನ್ನು ಬೀಳಿಸದೆ ಹಾರಬೇಕು. ಬಯಲಿನ ಓಟದ ದಿನ ಒಂದೊಂದು ತಡೆಯ ಪಕ್ಕದಲ್ಲೂ ಒಬ್ಬರು ಬಾವುಟ ಹಿಡಿದು ಕೂರಬೇಕು, ಅಷ್ಟು ಜನ ಅವರಲ್ಲಿರಲಿಲ್ಲ. ಸುತ್ತಮುತ್ತಲ ಪಿ.ಟಿ. ಟೀಚರುಗಳನ್ನು ಕರೆದರು. ಕಾಲೇಜಿನಲ್ಲಿ ಹರ್ಡಲ್ಸ್ ಓಡಿದವಳು ಎಂದು ನನಗೆ ಹಳ್ಳದ ಮುಂದಿನ ದಿಮ್ಮಿಯನ್ನು ಕೊಟ್ಟರು. ಎಲ್ಲಕ್ಕಿಂತ ಕಷ್ಟದ್ದು ಅದೇ.

ಮುಖ್ಯ ತೀರ್ಪುಗಾರರು ಸೈನ್ಯದಿಂದ ನಿವೃತ್ತರಾದ ಒಬ್ಬ ಕರ್ನಲ್. ಹಿಂದಿನ ದಿನ ನಮ್ಮನ್ನೆಲ್ಲ ಕೂರಿಸಿ ಪಾಠ ಹೇಳಿದರು. ಕುದುರೆ ಮೂರು ಸಲ ಹಾರದೆ ನಿಂತರೆ ಸವಾರ ಹೊರಗೆ. ಹೊರಗಿನವರು ಯಾರಾದರೂ ನೆರವಾದರೆ, ಕೇಳಿ ಆದರೂ ಸರಿ ಕೇಳದೆ ಆದರೂ ಸರಿ, ಹೊರಗೆ. ಚಾಟಿ ಅತಿಯಾಗಿ ಬಳಸಿದರೆ ವರದಿ ಮಾಡಬೇಕು. ಬಾಯಲ್ಲಿ ರಕ್ತ ಕಂಡರೆ ಕೆಂಪು ಬಾವುಟ, ಕುದುರೆ ಅಲ್ಲೇ ನಿಲ್ಲಬೇಕು.

"ನೆನಪಿರಲಿ," ಅಂದರು ಕರ್ನಲ್, "ಕುದುರೆಯ ಕ್ಷೇಮವೇ ಮೊದಲು." ಅವರ ಹಿಂದೆ ಇದ್ದ ಬ್ಯಾನರಿನಲ್ಲೂ ಅದೇ ಬರೆದಿತ್ತು. ನಾನು ಪೆದ್ದಿ, ನಂಬಿಬಿಟ್ಟೆ.

ಓಟದ ದಿನ ಬೆಳಿಗ್ಗೆ ತಮ್ಮನಿಗೆ ಬುತ್ತಿ ಕೊಡಲು ಲಾಯಕ್ಕೆ ಹೋಗಿದ್ದೆ. ಅವನು ಅಮ್ಮಣ್ಣಿಗೆ ಪಟ್ಟಿ ಕಟ್ಟಿ, ಎರಡು ಬೆರಳು ಆಡಿಸಿ ನೋಡಿ, ಕುತ್ತಿಗೆ ತಟ್ಟಿದ. ಅಷ್ಟರಲ್ಲಿ ಸವಾರ ಬಂದ. ಬಿಳಿ ಪ್ಯಾಂಟು, ಹೊಳೆಯುವ ಬೂಟು. ಈ ಪಂದ್ಯ ಮುಗಿಸಿದರೆ ರಾಜ್ಯದ ತಂಡಕ್ಕೆ ಆಯ್ಕೆ ಎಂದು ಹಿಂದಿನ ವಾರದಿಂದಲೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ನನ್ನನ್ನು ನೋಡಿ ನಮಸ್ತೆ ಅಕ್ಕ ಅಂದ. ಅಂದವನೇ ಪಟ್ಟಿಗೆ ಕೈ ಹಾಕಿ, ಮೊಣಕೈ ಒತ್ತಿ ಎಳೆದು, ಬಿಗಿದ. ಕುದುರೆಯ ಕಣ್ಣು ಅಗಲವಾಯಿತು. ಬೆರಳಿರಲಿ, ಹುಲ್ಲುಕಡ್ಡಿ ತೂರಿಸಲೂ ಜಾಗ ಉಳಿಯಲಿಲ್ಲ.

"ಸಾರ್, ಸ್ವಲ್ಪ..." ಅಂದ ತಮ್ಮ.

"ಇವತ್ತು ಬೇಡಪ್ಪಾ ನಿನ್ನ ಸೆಂಟಿಮೆಂಟು. ಇವತ್ತು ನನಗೆ ಕಂಟ್ರೋಲ್ ಬೇಕು."

ನಾನು ಬಾಯಿ ತೆರೆದೆ. ತಮ್ಮ ನನ್ನ ಕಡೆ ನೋಡಿದ ನೋಟಕ್ಕೆ ಮತ್ತೆ ಮುಚ್ಚಿದೆ. ನನ್ನ ಕೆಲಸ ಹಳ್ಳದ ಹತ್ತಿರ, ಅಲ್ಲಿ ನೋಡಿಕೊಂಡರಾಯಿತು ಎಂದು ಬಾವುಟ ಹಿಡಿದು ಹೊರಟೆ.

ನೋಡಲು ನಮ್ಮೂರ ಜನವೆಲ್ಲ ಬಂದಿದ್ದರು. ಹಗ್ಗ ಕಟ್ಟಿ ದೂರ ನಿಲ್ಲಿಸಿದ್ದರೂ ನನ್ನ ತಡೆಯ ಹತ್ತಿರ ಹಗ್ಗ ಯಾವಾಗಲೋ ಬಿದ್ದುಹೋಗಿತ್ತು. ಇಲ್ಲಿ ಒಂದು ಮಾತು ಹೇಳಬೇಕು. ಸಂಕ್ರಾಂತಿಯ ಸಂಜೆ ನಮ್ಮೂರಲ್ಲಿ ಕಿಚ್ಚು ಹಾಯಿಸುತ್ತಾರೆ. ಹುಲ್ಲಿಗೆ ಬೆಂಕಿ ಹಾಕಿ, ಕೊಂಬಿಗೆ ಬಣ್ಣ ಬಳಿದ ದನಗಳನ್ನು ಅದರ ಮೇಲೆ ಹಾರಿಸುವುದು. ಹೆದರಿ ನಿಂತ ದನದ ಹಿಂದೆ ಹತ್ತಾರು ಜನ ಟವೆಲ್ ಬೀಸುತ್ತಾ, ಕೂಗುತ್ತಾ ನುಗ್ಗುತ್ತಾರೆ. ಈ ಗದ್ದಲಕ್ಕಿಂತ ಆ ಬೆಂಕಿಯೇ ವಾಸಿ ಎಂದು ದನ ಹಾರಿಬಿಡುತ್ತದೆ. ಇದು ದೊಡ್ಡ ಪ್ರಾಣಿದಯೆ ಎಂದು ನಾನು ಹೇಳುತ್ತಿಲ್ಲ. ಚಿಕ್ಕಂದಿನಲ್ಲಿ ಅದನ್ನು ನೋಡಲಾರದೆ ಒಳಗೆ ಹೋಗಿ ಕೂರುತ್ತಿದ್ದೆ. ಆದರೆ ನಮ್ಮೂರಲ್ಲಿ ಹಾರದೆ ನಿಂತ ಪ್ರಾಣಿಯನ್ನು ಕಂಡರೆ ಸುಮ್ಮನೆ ನೋಡುತ್ತಾ ನಿಲ್ಲುವುದು ಮರ್ಯಾದೆಯಲ್ಲ. ಪಕ್ಕದ ಮನೆಯವನ ದನವಾದರೂ ಸರಿ, ಹಗೆಯವನ ದನವಾದರೂ ಸರಿ, ಕೈ ಹಾಕಲೇಬೇಕು.

ಅಮ್ಮಣ್ಣಿ ದಿಬ್ಬ ಇಳಿದು ಬಂತು. ದೂರದಿಂದಲೇ ನೊರೆ ಕಂಡಿತು, ಎಲ್ಲ ಕುದುರೆಗೂ ಬಿಳಿ ನೊರೆಯೇ. ಹತ್ತಿರ ಬಂದಾಗ ಅದು ಗುಲಾಬಿ ಬಣ್ಣಕ್ಕಿತ್ತು. ದಿಮ್ಮಿಯ ಮುಂದೆ ಬಂದು, ಹಳ್ಳ ನೋಡಿ, ನಾಲ್ಕು ಕಾಲೂರಿ ನಿಂತುಬಿಟ್ಟಿತು. ಸವಾರ ಕುತ್ತಿಗೆಯ ಮೇಲೆ ಬಿದ್ದು ಎದ್ದ. ಅವಮಾನವಾಯಿತಲ್ಲ, ಚಾಟಿ ಎತ್ತಿದ. ಪಕ್ಕೆಗೆ, ಹಿಂದಕ್ಕೆ, ಮತ್ತೆ ಪಕ್ಕೆಗೆ. ಬಾರಿಸುತ್ತಲೇ ಇನ್ನೊಂದು ಕೈಯಲ್ಲಿ ಲಗಾಮು ಹಿಡಿದು ಎಳೆಯುತ್ತಿದ್ದ. ಮುಂದೆ ಹೋಗು ಅಂತಲೋ, ನಿಲ್ಲು ಅಂತಲೋ, ಆ ಮೂಕ ಪ್ರಾಣಿಗೆ ಏನು ತಿಳಿಯಬೇಕು? ಬಾಯಿಯ ಮೂಲೆಯಿಂದ ಕೆಂಪಗೆ ಇಳಿದು ಪಟ್ಟಿಯ ಮೇಲೆ ತೊಟ್ಟಿಕ್ಕಿತು. ನಾನು ಕೆಂಪು ಬಾವುಟ ಎತ್ತಿದೆ. "ನಿಲ್ಸೋ!" ಎಂದು ಕಿರುಚಿದೆ. ವಿಸಿಲ್ಲೂ ಊದಿದೆ.

ಅದೇ ಹೊತ್ತಿಗೆ ನಮ್ಮೂರ ಜನ ನುಗ್ಗಿದರು. "ಎಗುರಮ್ಮಾ, ಎಗುರು ತಲ್ಲೀ!" ಎಂದು ತೆಲುಗಿನಲ್ಲಿ ಕೂಗುತ್ತಾ, ಟವೆಲ್ ಬೀಸುತ್ತಾ, ಕಿಚ್ಚು ಹಾಯಿಸಿದ ಹಾಗೇ. ಒಬ್ಬ ಅದರ ಹಿಂಬದಿಗೆ ಚಟಾರನೆ ಬಾರಿಸಿಯೂಬಿಟ್ಟ. ಕುದುರೆ ಬೆದರಿ, ನಿಂತ ಜಾಗದಿಂದಲೇ ಎಗರಿ, ಹಳ್ಳದ ಆಚೆ ಮಂಡಿಯೂರಿ ಬಿದ್ದು, ಎದ್ದು ನಿಂತಿತು. ಜನ ಶಿಳ್ಳೆ ಹೊಡೆದರು.

"ಯಾರ್ರೀ ಇವರು? ನನ್ನ ಕುದುರೆ ಮುಟ್ಟೋಕೆ ಯಾರು ಹೇಳಿದ್ದು ಇವರಿಗೆ?" ಸವಾರನ ಮುಖ ಕಪ್ಪಿಟ್ಟಿತ್ತು.

ಬಾರಿಸಿದವನು ಹಲ್ಲು ಕಿಸಿಯುತ್ತಾ ಟವೆಲ್ ಹೆಗಲಿಗೆ ಹಾಕಿಕೊಂಡ. "ದಾಟಿಸಿದ್ವಲ್ಲ ಸಾರ್! ನೀವು ಅಷ್ಟೊತ್ತು ವೊಡುದ್ರೂ ದಾಟ್ಲಿಲ್ಲ. ನಾವ್ ಒಂದೇಟ್ಗೆ ದಾಟಿಸಿದ್ವಿ ನೋಡಿ!"

ಸವಾರ ಅವರಿಗೆ ಇಂಗ್ಲಿಷಿನಲ್ಲಿ ಬೈದ. ಅವರಿಗೆ ಅರ್ಥವಾಗದಿದ್ದದ್ದು ಅವನ ಪುಣ್ಯ. ಲಗಾಮು ತಿರುಗಿಸಿ ಮುಂದಿನ ತಡೆಗೆ ಹೊರಡಲು ನೋಡಿದ. ನಾನು ಅಡ್ಡ ನಿಂತೆ.

"ಇಳೀರಿ ಕೆಳಗೆ."

"ಮೇಡಂ, ಪ್ಲೀಸ್. ಜನ ಬಂದಿದ್ದು ನನ್ನ ತಪ್ಪಲ್ಲ."

"ಜನದ ವಿಷಯ ಆಮೇಲೆ. ಬಾಯಿ ನೋಡಿ ಅದರದ್ದು. ಇಳೀತೀರೋ, ಎಳೀಲೋ?"

ಇಳಿದ. ಇಳಿದು ಮೊದಲು ಮಾಡಿದ ಕೆಲಸವೆಂದರೆ ತನ್ನ ಬಿಳಿ ಗ್ಲೌಸಿನಿಂದ ಕುದುರೆಯ ಬಾಯಿ ಒರೆಸಿದ್ದು. ಯಾರಿಗೆ ಗೊತ್ತಾಗಬಾರದು ಅಂತ ಒರೆಸಿದನೋ. ಅಷ್ಟರಲ್ಲಿ ನನ್ನ ತಮ್ಮ ಓಡಿ ಬಂದು ಪಟ್ಟಿ ಬಿಚ್ಚಿದ. ಬಿಚ್ಚಿದ ಕೂಡಲೇ ಕುದುರೆ ಬಾಯಿ ಅಗಲಿಸಿ ತಲೆಯನ್ನು ಅವನ ಎದೆಗೆ ಒತ್ತಿತು. ಅವನ ಅಂಗಿಯೆಲ್ಲ ಕೆಂಪು ನೊರೆ.

ವಿಚಾರಣೆ ಶಾಮಿಯಾನದ ಕೆಳಗೆ ನಡೆಯಿತು. ಕರ್ನಲ್, ಫಾರಂ ಮೇಡಂ, ಕುದುರೆ ಡಾಕ್ಟರು, ಸವಾರ, ನಾನು. ನೋಡಿ, ವಿಷಯ ಇದ್ದದ್ದು ಇಷ್ಟೇ. ಜನ ನುಗ್ಗಿ ನೆರವಾದರು ಎಂದಾದರೆ ಸವಾರ ಆ ದಿನಕ್ಕೆ ಮಾತ್ರ ಹೊರಗೆ, ಮುಂದಿನ ಪಂದ್ಯಕ್ಕೆ ಆರಾಮಾಗಿ ಬರಬಹುದು. ಬಾಯಿ ಹರಿದದ್ದು ಅವನ ಕೈಯಿಂದ ಎಂದಾದರೆ ಅವನು ಆ ಇಡೀ ವರ್ಷ ಕುದುರೆ ಹತ್ತುವ ಹಾಗಿಲ್ಲ, ತಂಡವೂ ಇಲ್ಲ.

"ಬಾವುಟ ಯಾವುದಕ್ಕೆ ಎತ್ತಿದಿರಿ?" ಕರ್ನಲ್ ಕೇಳಿದರು.

"ರಕ್ತಕ್ಕೆ."

"ಜನ ಬಂದಿದ್ದಕ್ಕಲ್ಲವೇ?"

"ಜನ ಬರೋಕೆ ಮುಂಚೆ ಎತ್ತಿದ್ದು. ಜನ ಬರದೇ ಇದ್ದರೂ ಎತ್ತುತ್ತಿದ್ದೆ. ಮೂಗುಪಟ್ಟಿ ಬಿಗಿದವರು ಇವರೇ, ಬೆಳಿಗ್ಗೆ ನನ್ನ ಕಣ್ಣಾರೆ ನೋಡಿದೀನಿ."

"ಬೆಳಿಗ್ಗೆ ನೀವು ಡ್ಯೂಟಿಯಲ್ಲಿ ಇದ್ದಿರಾ?"

"ಬುತ್ತಿ ಕೊಡೋಕೆ ಹೋಗಿದ್ದೆ."

"ಹಾಗಾದರೆ ಅದನ್ನ ನಾನು ತೆಗೆದುಕೊಳ್ಳಲಾರೆ." ಎಷ್ಟು ಮೆತ್ತಗೆ ಹೇಳಿದರೆಂದರೆ, ನನಗೆ ಉಪಕಾರ ಮಾಡಿದ ಹಾಗಿತ್ತು. ಡ್ಯೂಟಿಯಲ್ಲಿಲ್ಲದ ಕಣ್ಣಿಗೆ ಕಂಡದ್ದು ಕಂಡದ್ದೇ ಅಲ್ಲವಂತೆ! ಡಾಕ್ಟರು ಗಾಯ ಇದೆ, ಪಟ್ಟಿಯ ಅಡಿಯಲ್ಲಿ ಬಾವೂ ಇದೆ, ಹೇಗಾಯಿತು ಎಂದು ಮಾತ್ರ ಹೇಳಲಾರೆ ಅಂದರು. ಅವರ ಬಿಲ್ಲು ಕಟ್ಟುವವರು ಯಾರು ಅನ್ನುವುದು ನನಗೂ ಗೊತ್ತಿತ್ತು.

"ಪಟ್ಟಿ, ಲಗಾಮು ಎಲ್ಲ ಹುಡುಗನ ಕೆಲಸ ಸರ್," ಅಂದ ಸವಾರ. "ನಾನು ಬಂದು ಹತ್ತೋದಷ್ಟೇ. ಅವನನ್ನೇ ಕೇಳಿ."

ಹುಡುಗ ಅಂದರೆ ನನ್ನ ತಮ್ಮ. ಇವನಿಗಿಂತ ಆರೇಳು ವರ್ಷ ದೊಡ್ಡವನು. ಕರೆತರಲು ಸವಾರನೇ ಎದ್ದುಹೋದ. ಶಾಮಿಯಾನದ ಬಟ್ಟೆಯ ಆಚೆ ಅವನು ತಮ್ಮನಿಗೆ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. "ನನ್ನ ಮೇಲೆ ಬಂದ್ರೆ ನಾಳೇನೇ ಇವಳನ್ನ ಇಲ್ಲಿಂದ ತೆಗೀತೀನಿ. ಆಮೇಲೆ ನಿನ್ನ ಕಣ್ಣಿಗೂ ಬೀಳಲ್ಲ. ಯೋಚನೆ ಮಾಡು." ನನಗೆ ಕೇಳಿಸಿದ್ದು ಒಳಗಿದ್ದ ಮಿಕ್ಕವರಿಗೆ ಕೇಳಿಸಲಿಲ್ಲವಂತೆ. ಕಿವಿಗೂ ಡ್ಯೂಟಿ ಇರುತ್ತದೇನೋ.

ತಮ್ಮ ಒಳಗೆ ಬಂದು ಕೈ ಕಟ್ಟಿ ನಿಂತ. ಅಂಗಿಯ ಮೇಲಿನ ಕಲೆ ಒಣಗಿತ್ತು.

"ಪಟ್ಟಿ ಯಾರು ಬಿಗಿದದ್ದಪ್ಪಾ?" ಕರ್ನಲ್ ಕೇಳಿದರು.

"ನಾನೇ ಸಾರ್. ಬಿಗಿ ಜಾಸ್ತಿ ಆಗೋಗದೆ. ಗೊತ್ತಾಗ್ಲಿಲ್ಲ. ನಂದೇ ತಪ್ಪು."

"ಲೇ!" ಎಂದು ನಾನು ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. "ಯಾಕ್ಲಾ ಸುಳ್ಳು ಬೊಗಳ್ತೀಯ? ಇವ್ನು ಬಿಗ್ದಿದ್ದಲ್ವೇನ್ಲಾ? ಬೆಳಿಗ್ಗೆ ನೀನೇ ಸ್ವಲ್ಪ ಸಡ್ಲ ಅಂತ ಬೇಡ್ಕೊಂಡಿದ್ದಲ್ವೇನ್ಲಾ?"

"ಸುಮ್ಕಿರಕ್ಕ. ನಿಂಗೊತ್ತಿಲ್ಲ," ಅಂದ. ನನ್ನ ಮುಖ ನೋಡಲಿಲ್ಲ.

ಸವಾರ ತಲೆ ತಗ್ಗಿಸಿಕೊಂಡು ದುಃಖದ ಮುಖ ಮಾಡಿ ಕೂತಿದ್ದ. ಆ ಮುಖಕ್ಕೆ ಮಂಗಳಾರತಿ ಎತ್ತಲು ನನ್ನ ಕೈ ಕಡಿಯುತ್ತಿತ್ತು. ಕರ್ನಲ್ ತೀರ್ಪು ಹೇಳಿದರು. ಹೊರಗಿನವರ ನೆರವಿನ ಕಾರಣ ಸವಾರ ಈ ಪಂದ್ಯದಿಂದ ಹೊರಗೆ. ಗಾಯಕ್ಕೆ ಕಾರಣ ಕುದುರೆ ನೋಡಿಕೊಳ್ಳುವವನ ಅಜಾಗರೂಕತೆ. ಚಾಟಿಯ ಬಗ್ಗೆ ಸವಾರನಿಗೆ ಬಾಯಿಮಾತಿನ ಎಚ್ಚರಿಕೆ. "ನೀವು ಧೈರ್ಯವಾಗಿ ಬಾವುಟ ಎತ್ತಿದಿರಿ, ಅಭಿನಂದನೆ," ಎಂದು ನನ್ನ ಕೈ ಕುಲುಕಲು ಬಂದರು. ನಾನು ಕೈ ಕೊಡಲಿಲ್ಲ.

ತಮ್ಮ ಅಂದುಕೊಂಡಿದ್ದದ್ದು, ತಪ್ಪು ಒಪ್ಪಿಕೊಂಡರೆ ಬೈಗುಳ ತಿಂದು ಮುಗಿಯುತ್ತದೆ, ಅಮ್ಮಣ್ಣಿ ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ ಎಂದು. ಗ್ಯಾರೇಜಿನಲ್ಲಿ ಹಾಗೇ ನಡೆಯುತ್ತಿತ್ತು. ಬೋಲ್ಟು ಮುರಿದವನು ಯಾರಾದರೇನು, ಕಿರಿಯವನೊಬ್ಬ ನಂದೇ ತಪ್ಪಣ್ಣ ಅಂದರೆ ಒಡೆಯ ಎರಡು ಬೈದು ಟೀ ತರಿಸುತ್ತಿದ್ದ. ಇಲ್ಲಿಯೂ ಅಷ್ಟೇ ಎಂದುಕೊಂಡ ಮುಠ್ಠಾಳ. ಮಾರನೆಯ ವಾರ ಫಾರಂ ಮೇಡಂ ಕರೆದು, "ನಮ್ಮಲ್ಲಿ ಪ್ರಾಣಿಹಿಂಸೆಗೆ ಜಾಗ ಇಲ್ಲ, ನೀನೇ ಒಪ್ಪಿಕೊಂಡಿದೀಯ, ನಾವು ಏನು ಮಾಡೋಕಾಗುತ್ತೆ" ಎಂದು ಹೇಳಿ ಗೇಟಿನ ಹೊರಗೆ ಕಳಿಸಿದರು. ಲಾಯದೊಳಗೆ ಒಂದು ಸಲ ಹೋಗಿ ಬರಲು ಕೇಳಿದನಂತೆ. ಕುದುರೆಯ ಸುರಕ್ಷತೆಯ ಕಾರಣಕ್ಕೆ ಬೇಡ ಅಂದರಂತೆ.

"ಎತ್ಗೆ ಜ್ವರ ಬಂದ್ರೆ ಎಮ್ಮೆಗ್ ಬರೆ," ಅಂದಳು ಅಮ್ಮ. ಅಂದು, ನನ್ನ ಕಡೆ ತಿರುಗಿ, "ಬರೆ ಕಬ್ಣ ಕಾಯ್ಸಿದ್ದು ನೀನು," ಎಂದೂ ಸೇರಿಸಿದಳು. ನನಗೂ ಅಮ್ಮನಿಗೂ ಅವತ್ತು ದೊಡ್ಡ ಜಗಳವಾಯಿತು. ರಕ್ತ ಸುರಿಯುವ ಬಾಯನ್ನು ನೋಡಿಯೂ ಬಾವುಟವನ್ನು ಮಡಿಲಲ್ಲಿಟ್ಟುಕೊಂಡು ಕೂತಿರಬೇಕಾಗಿತ್ತೇ ಎಂದು ಕೇಳಿದೆ. ಇವತ್ತೂ ಅದನ್ನೇ ಕೇಳುತ್ತೇನೆ. ನಾಳೆ ಅದೇ ಕುದುರೆ ಹಾಗೇ ಬಂದರೆ ನಾಳೆಯೂ ಎತ್ತುತ್ತೇನೆ.

ತಮ್ಮ ನನ್ನ ಜೊತೆ ಮಾತು ಬಿಟ್ಟ. ಬೂದಿಕೋಟೆಯಿಂದ ಬಂಗಾರಪೇಟೆಗೆ ಹಾಲು ಸಾಗಿಸುವ ಟೆಂಪೋಗೆ ಡ್ರೈವರ್ ಆಗಿ ಸೇರಿಕೊಂಡ. ಒಂದೇ ಮನೆಯಲ್ಲಿದ್ದುಕೊಂಡು, ಒಂದೇ ಒಲೆಯ ಮುದ್ದೆ ತಿಂದುಕೊಂಡು, ನನಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದ. ನಾನೇನು ಕಡಿಮೆಯೇ, ನಾನೂ ಗೋಡೆಗೇ ಉತ್ತರ ಕೊಡುತ್ತಿದ್ದೆ. ಸವಾರ ಮುಂದಿನ ಪಂದ್ಯ ಮುಗಿಸಿ ತಂಡಕ್ಕೆ ಆಯ್ಕೆಯಾದ. ಕುದುರೆಯನ್ನು ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡ ಫೋಟೊ ನನ್ನ ಸ್ಕೂಲಿನ ಹುಡುಗಿಯೊಬ್ಬಳ ಫೋನಿನಲ್ಲೂ ಬಂತು. "ಎಷ್ಟು ಕ್ಯೂಟ್ ಅಲ್ವಾ ಮಿಸ್?" ಅಂದಳು. ಮೈದಾನಕ್ಕೆ ಸುತ್ತು ಹೊಡೆಸಿದೆ.

ಮರುವರ್ಷ ಫಾರಂನಿಂದ ನನಗೆ ಮತ್ತೆ ಕರೆ ಬಂತು. ನಿಮ್ಮಂಥ ನಿಷ್ಠುರವಾದಿಗಳೇ ಬೇಕು, ಬನ್ನಿ ಎಂದು. ಎಂಥ ಜನ ನೋಡಿ! ಫೋನಿನಲ್ಲಿ ಬೈದರೆ ಸಾಲದು, ಎದುರಿಗೇ ಉಗಿಯಬೇಕು ಎಂದುಕೊಂಡು ಭಾನುವಾರ ಹೋದೆ. ಮೇಡಂ ಇರಲಿಲ್ಲ. ಸಿಟ್ಟು ಇಳಿಸಲು ಜಾಗವಿಲ್ಲದೆ ಲಾಯದ ಕಡೆ ನಡೆದೆ.

ಅಮ್ಮಣ್ಣಿ ಅದೇ ಜಾಗದಲ್ಲಿತ್ತು. ನನ್ನನ್ನು ಕಂಡು ಕಿವಿ ಹಿಂದಕ್ಕೆ ಮಲಗಿಸಿತು. ಕೆ.ಜಿ.ಎಫ್. ಕಡೆಯ ಹೊಸಬನೊಬ್ಬ ಅದಕ್ಕೆ ಪಟ್ಟಿ ಕಟ್ಟುತ್ತಿದ್ದ. ನನ್ನ ವಯಸ್ಸಿನವನೇ, ತಲೆ ನರೆತಿತ್ತು. ಮೊಣಕೈ ಒತ್ತಿ, ಹಲ್ಲು ಕಚ್ಚಿ, ಕೊನೆಯ ತೂತಿಗೆ ಎಳೆಯುತ್ತಿದ್ದ. ಸವಾರ ಇನ್ನೂ ಬಂದೇ ಇರಲಿಲ್ಲ.

"ಯಾಕಪ್ಪಾ ಅಷ್ಟು ಬಿಗೀತೀಯ? ಬಾಯಿ ನೋಡು, ಮೂಲೆಯೆಲ್ಲ ಹುಣ್ಣಾಗಿದೆ."

"ನಂಗೇನ್ ತೆರಿಯುಂ ಅಕ್ಕಾ," ಎಂದ ಅವನು ಅರ್ಧ ತಮಿಳಿನಲ್ಲಿ, ತನಗೇನು ಗೊತ್ತು ಅನ್ನುವ ಹಾಗೆ. "ಸಾರ್ ಬರೋಕ್ ಮುಂಚೆ ನಾನೇ ಟೈಟ್ ಮಾಡಿಕ್ಬೇಕು, ಆರ್ಡರ್. ಮುಂಚೆ ಇದ್ನಲ್ಲ, ಒಬ್ಬ. ಅವನು ಪಟ್ಟಿ ಸರಿಯಾಗಿ ಕಟ್ಲಿಲ್ಲಾಂತ ಓಡಿಸ್ಬಿಟ್ರಂತೆ. ನನ್ಗೆ ಮೂರು ಮಕ್ಳು ಅಕ್ಕಾ."

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಮೊದಲಾದರೆ ಸವಾರ ತಾನೇ ಬಿಗಿಯುತ್ತಿದ್ದ, ಈಗ ಅವನು ಪಟ್ಟಿ ಮುಟ್ಟುವುದೇ ಇಲ್ಲ. ಯಾರು ಕೇಳಿದರೂ ಬಿಗಿದವನು ನಾನೇ ಎಂದು ಹೇಳಲು ಒಬ್ಬನಿದ್ದಾನೆ, ಮತ್ತು ಅದು ನಿಜವೂ ಆಗಿರುತ್ತದೆ.

ಮನೆಗೆ ಬಂದಾಗ ತಮ್ಮ ಮುದ್ದೆ ಮುರಿಯುತ್ತಾ ಕೂತಿದ್ದ. ನಾನು ಫಾರಂಗೆ ಹೋಗಿದ್ದು ಅವನಿಗೆ ಯಾರೋ ಹೇಳಿದ್ದರು. ಒಂದು ವರ್ಷದಲ್ಲಿ ಮೊದಲ ಸಲ ಗೋಡೆ ಬಿಟ್ಟು ನನ್ನ ಕಡೆ ನೋಡಿದ.

"ಎಂಗವ್ಳೆ?" ಅಂದ.

ಚೆನ್ನಾಗವ್ಳೆ ಅನ್ನಬಹುದಿತ್ತು. ನನಗೆ ಬರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹುಣ್ಣು, ಕೊನೆಯ ತೂತು, ಹೊಸಬ, ಅವನ ಮಕ್ಕಳು, ಎಲ್ಲ. ಸಾರಿನ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕೇಳಿದ.

"ನೀನು ಬಾವುಟ ಎತ್ದೆ ಇದ್ದಿದ್ರೆ," ಅಂದ, "ಅವ್ನ್ ಬಿಗಿಯೋನು, ನಾನ್ ಸಡ್ಲ ಮಾಡೋನು. ಅಂಗೇ ನಡ್ಕೊಂಡು ಓಗ್ತಿತ್ತು."

"ನೀನು ನಿಜ ಯೋಳಿದ್ದಿದ್ರೆ ಬಿಗಿಯೋನೇ ಇರ್ತಿರ್ಲಿಲ್ಲ."

"ಅವ್ಳೂ ಇರ್ತಿರ್ಲಿಲ್ಲ."

"ಇರ್ದಿದ್ರೆ ಬೇಡ! ಎಲ್ಲಾನಾ ಬಾಯಿ ನೆಟ್ಗಿಟ್ಕೊಂಡು ಇರ್ತಿದ್ಲು!"

"ಈಗ ಅವ್ನವ್ನೆ, ಅವ್ಳವ್ಳೆ, ನಾನೊಬ್ನೇ ಇಲ್ಲ," ಅಂದ. "ಸಾಕಾ ನಿಂಗೆ?"

ತಟ್ಟೆ ಸರಿಸಿ ಕೈ ತೊಳೆದುಕೊಂಡು ಎದ್ದುಹೋದ. 

ಬೂದಿಕೋಟೆಯಿಂದ ಹಾಲಿನ ಟೆಂಪೋಗೆ ನೇರವಾದ ಟಾರು ರಸ್ತೆ ಬೇರೆಯೇ ಇದೆ. ಅವತ್ತಿನವರೆಗೂ ಅವನು ದಿನಾ ಫಾರಂ ಬೇಲಿಯ ಪಕ್ಕದ ಮಣ್ಣುದಾರಿಯಲ್ಲೇ ಸುತ್ತಿಕೊಂಡು ಬರುತ್ತಿದ್ದನಂತೆ. ಹಾರ್ನ್ ಹೊಡೆದರೆ ಲಾಯದೊಳಗಿಂದ ಅಮ್ಮಣ್ಣಿ ಕೆನೆಯುತ್ತಿತ್ತಂತೆ. ಇದೆಲ್ಲ ನನಗೆ ಆಮೇಲೆ ಡೈರಿಯವರು ಹೇಳಿದ್ದು. ಮಾರನೆಯ ದಿನದಿಂದ ಅವನು ಟಾರು ರಸ್ತೆಯಲ್ಲೇ ಹೋಗುತ್ತಾನೆ.